ಪ್ಲಂಬರನ ಬಾಣಲೆ, ಅಜ್ಜನ ಕೋವಿ

ಸೀಸ ಕರಗಿಸಲು ಕಮ್ಮಾರನ ಕುಲುಮೆ ಬೇಕಿಲ್ಲ. ಕಬ್ಬಿಣ ನೀರಾಗಬೇಕಾದರೆ 1538 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ತಾಮ್ರಕ್ಕೆ 1085. ಸೀಸಕ್ಕೆ 327 ಸಾಕು. ಉದ್ದ ಹಿಡಿಯ ಒಂದು ಕಬ್ಬಿಣದ ಸೌಟು, ಕೆಳಗೊಂದಿಷ್ಟು ನಿಗಿನಿಗಿ ಕೆಂಡ ಇದ್ದರೆ ಯಾರ ಮನೆಯ ಹಿತ್ತಲಲ್ಲೂ ಆಗುವ ಕೆಲಸ. ಇದಕ್ಕಿಂತ ಬೇಗ ಕರಗುವ ತವರವೂ ಇದೆ, ಆದರೆ ಅದು ದುಬಾರಿ, ತೂಕದಲ್ಲೂ ಕಡಿಮೆ. ಸೀಸ ಅಗ್ಗ, ನೀರಿಗಿಂತ ಹನ್ನೊಂದು ಪಟ್ಟು ಭಾರ, ಹೇಳಿದ ಹಾಗೆ ಕೇಳುವ ಲೋಹ. ಹಾಗಾಗಿಯೇ ಅದು ಕೋವಿಯ ಗುಂಡಾಯಿತು, ನೀರಿನ ಕೊಳವೆಯಾಯಿತು, ಮುದ್ರಣಾಲಯದ ಅಚ್ಚುಮೊಳೆಯಾಯಿತು, ಮೀನುಗಾರರ ಬೀಸುಬಲೆಯ ಅಂಚಿನ ಗುಂಡಾಯಿತು. ಮನುಷ್ಯರ ರಕ್ತಕ್ಕೆ ಇಳಿದದ್ದೂ ಇದೇ ಸಲೀಸಿನಿಂದ.

ಅಮೆರಿಕದಲ್ಲಿ ಬಾಯಿಂದ ಮದ್ದು ತುಂಬುವ ಹಳೆಯ ಮಾದರಿಯ ಕೋವಿಗಳಿಗೆ ಮರುಳಾದವರ ದೊಡ್ಡ ಬಳಗವೇ ಇದೆ. ನಳಿಗೆಯ ಬಾಯಿಗೆ ಅಳೆದು ಮದ್ದು ಸುರಿಯಬೇಕು. ಜಿಡ್ಡು ಸವರಿದ ಬಟ್ಟೆಯ ತುಂಡಿನಲ್ಲಿ ಸೀಸದ ಗುಂಡನ್ನಿಟ್ಟು ಗಜದಿಂದ ತಳ ಮುಟ್ಟುವವರೆಗೆ ತಳ್ಳಬೇಕು. ಕೇಪು ಕೂರಿಸಿ ಕುದುರೆ ಎಳೆದರೆ ಒಂದೇ ಒಂದು ಈಡು, ಜೊತೆಗೆ ಕಣ್ಣು ಮುಚ್ಚಿಸುವಷ್ಟು ಹೊಗೆ. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ, ಅಥವಾ ತೇಜಸ್ವಿಯವರನ್ನು ಓದಿದವರಿಗೆ, ಇದರಲ್ಲಿ ಹೊಸದೇನೂ ಇಲ್ಲ. 1931ರಲ್ಲಿ ಒಹಾಯೊ ರಾಜ್ಯದ ಪೋರ್ಟ್ಸ್‌ಮತ್ ಊರಿನಲ್ಲಿ ಇಂಥ ಕೋವಿಗಳದ್ದೇ ಒಂದು ಗುರಿ ಸ್ಪರ್ಧೆ ನಡೆಯಿತು. ಅದರ ಬೆನ್ನಿಗೇ 1933ರಲ್ಲಿ ನ್ಯಾಷನಲ್ ಮಝಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಹುಟ್ಟಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಹಳ್ಳಿ ಈಗ ಅದರ ನೆಲೆ. ವರ್ಷಕ್ಕೆರಡು ಬಾರಿ ಸ್ಪರ್ಧೆಯ ದಿನಗಳಲ್ಲಿ ಅಲ್ಲಿ ಹಳೆ ಸಾಮಾನಿನ ಸಂತೆಯೂ ನೆರೆಯುತ್ತದೆ.

ಈ ಬಳಗದ ಹಲವರು ಗುಂಡನ್ನು ಅಂಗಡಿಯಿಂದ ತರುವುದಿಲ್ಲ, ಮನೆಯಲ್ಲೇ ಎರೆದುಕೊಳ್ಳುತ್ತಾರೆ. ಅದಕ್ಕೆ ಅವರು ಬಳಸುವ ಪಾತ್ರೆ ಪರಡಿಗಳಲ್ಲಿ ಎಷ್ಟೋ ಕೋವಿಗೆ ಸಂಬಂಧಪಟ್ಟವೇ ಅಲ್ಲ, ಪ್ಲಂಬರುಗಳು ಬಿಟ್ಟುಹೋದವು.

ಇಪ್ಪತ್ತನೇ ಶತಮಾನದ ನಡುಗಾಲ ದಾಟುವವರೆಗೂ ಅಮೆರಿಕದ ಮನೆಗಳ ಚರಂಡಿ ಕೊಳವೆಗಳು ಬಹುಪಾಲು ಬೀಡುಕಬ್ಬಿಣದವು. ಒಂದರ ಅಗಲ ಬಾಯಿಯೊಳಗೆ ಇನ್ನೊಂದರ ತುದಿ ಕೂರಿಸಿ, ಸಂದಿಗೆ ಡಾಂಬರು ಹತ್ತಿಸಿದ ನಾರಿನ ಹಗ್ಗ ಗಿಡಿದು, ಅದರ ಮೇಲೆ ಕಾದ ಸೀಸ ಹೊಯ್ಯುತ್ತಿದ್ದರು. ಆರಿದ ಮೇಲೆ ಉಳಿ ಸುತ್ತಿಗೆಯಿಂದ ಸುತ್ತಲೂ ಬಡಿದರೆ ಸೀಸ ಅಗಲವಾಗಿ ಸಂದು ಬಿಗಿಯುತ್ತಿತ್ತು. ಅಡ್ಡ ಕೊಳವೆಗೆ ಸೀಸ ಹೊಯ್ಯುವಾಗ ಹೊರಗೆ ಚೆಲ್ಲದಂತೆ ಕಲ್ನಾರಿನ ಹಗ್ಗ ಸುತ್ತುತ್ತಿದ್ದರು. ನಮ್ಮ ನಗರಗಳ ಹಳೆಯ ನೀರಿನ ಕೊಳವೆಗಳ ಸಂದು ಮುಚ್ಚಿದ್ದೂ ನೂಲಿನ ಹುರಿ ಮತ್ತು ಸೀಸದಿಂದಲೇ. ಅಮೆರಿಕದ ಪ್ಲಂಬರು ಕೆಲಸಕ್ಕೆ ಹೊರಟರೆ ಜೊತೆಗೊಂದು ಪೆಟ್ರೋಲ್ ಒಲೆ, ಅದರ ಮೇಲೆ ಕೂರುವ ದಪ್ಪ ಬೀಡಿನ ಬಾಣಲೆ, ಮೊಳದುದ್ದದ ಸೌಟು ಇರಲೇಬೇಕಿತ್ತು. ಆಮೇಲೆ ರಬ್ಬರ್ ಬಿರಡೆ ಬಂತು, ಪ್ಲಾಸ್ಟಿಕ್ ಕೊಳವೆ ಬಂತು. ಬಾಣಲೆಗಳು ಗುಜರಿಗೆ ಹೋದವು.

ಗುಂಡು ಎರೆಯುವವರ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. ಬೀಡುಕಬ್ಬಿಣದ ಬಾಣಲೆಗೆ ಮುಪ್ಪೆಂಬುದಿಲ್ಲ. ಬಿರುಕಿಲ್ಲದಿದ್ದರೆ, ತಳದಲ್ಲಿ ತೇವ ಕೂತಿಲ್ಲದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬಂದೀತು. ಆದರೆ ಅದರ ಜೊತೆಗಾರ ಪೆಟ್ರೋಲ್ ಒಲೆಯನ್ನು ಬಲ್ಲವರು ಮುಟ್ಟುವುದಿಲ್ಲ. ಗಾಳಿ ತುಂಬಿ ಒತ್ತಡ ಏರಿಸುವ ಹಿತ್ತಾಳೆಯ ಟ್ಯಾಂಕು, ಬೆಸುಗೆ ಹಾಕಿದ ಸಂದುಗಳು, ಅದರ ಮೇಲೇ ಉರಿ. ಅಷ್ಟು ವಯಸ್ಸಾದ ಬೆಸುಗೆಯನ್ನು ನಂಬಿ ಪಕ್ಕದಲ್ಲಿ ನಿಲ್ಲುವುದು ಧೈರ್ಯವಲ್ಲ, ಅವಿವೇಕ. ಅದನ್ನು ಉಜ್ಜಿ ಹೊಳಪಿಸಿ ಹಾಲಿನಲ್ಲಿ ಇಡುತ್ತಾರೆ. ಬಾಣಲೆಗೆ ಗ್ಯಾಸ್ ಬರ್ನರ್ ಹಚ್ಚುತ್ತಾರೆ, ಅದೂ ಹಬ್ಬದ ದಿನ ಇಡೀ ಟರ್ಕಿ ಕೋಳಿ ಕರಿಯಲು ಅಲ್ಲಿ ಬಳಸುವಂಥದ್ದು.

ಪ್ಲಂಬರನ ದೊಡ್ಡ ಬಾಣಲೆ ಗುಂಡು ಎರೆಯುವುದಕ್ಕಿಂತ ಗುಜರಿ ಸೀಸವನ್ನು ಶುದ್ಧ ಮಾಡುವುದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಚಾವಣಿಯ ತಗಡು, ಕೊಳವೆಯ ತುಂಡು, ಬಣ್ಣದ ಗಾಜಿನ ಕಿಟಕಿಯ ಪಟ್ಟಿ, ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಗೋಡೆಯಿಂದ ಕಿತ್ತ ಹಾಳೆ, ಎಲ್ಲವೂ ಅದರೊಳಗೆ. ಕರಗಿದ ಮೇಲೆ ಚೂರು ಮೇಣ ಹಾಕಿ ಕಲಕಿದರೆ ಭಗ್ಗೆಂದು ಹೊತ್ತಿ, ಕಸವೆಲ್ಲ ಬೂದು ಕಿಟ್ಟವಾಗಿ ಮೇಲಕ್ಕೆ ಬರುತ್ತದೆ. ಅದನ್ನು ತೆಗೆದರೆ ಕೆಳಗೆ ಕನ್ನಡಿಯಂಥ ಸೀಸ. ಇಡ್ಲಿ ತಟ್ಟೆಯ ಹಾಗೆ ಗುಳಿಗಳಿರುವ ಕಬ್ಬಿಣದ ಅಚ್ಚಿಗೆ ಅದನ್ನು ಹೊಯ್ದು, ಬಿಲ್ಲೆ ಮಾಡಿ, ಪ್ರತಿ ಬಿಲ್ಲೆಯ ಮೇಲೂ ಯಾವ ಸೀಸವೆಂದು ಗುರುತು ಹಾಕಿ ಎತ್ತಿಡುತ್ತಾರೆ.

ಗುರುತು ಹಾಕುವುದಕ್ಕೆ ಕಾರಣವಿದೆ. ಬಟ್ಟೆ ಸುತ್ತಿ ತಳ್ಳುವ ದುಂಡನೆಯ ಗುಂಡಿಗೆ ಮೆತ್ತನೆಯ, ಅಪ್ಪಟ ಸೀಸವೇ ಆಗಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಗಟ್ಟಿ ಸೀಸ ಬಟ್ಟೆಯನ್ನು ಸರಿಯಾಗಿ ಕಚ್ಚದೆ, ನಳಿಗೆಗೆ ಇಳಿಯಲು ಸತಾಯಿಸುತ್ತದೆ. ಕಾರಿನ ಗಾಲಿಗೆ ಹಚ್ಚುವ ಸಮತೋಲದ ತೂಕಗಳಲ್ಲಿ ಆಂಟಿಮನಿ ಬೆರೆತಿರುತ್ತದೆ, ಅದು ಗಟ್ಟಿ. ಮುದ್ರಣಾಲಯದ ಲೈನೋಟೈಪ್ ಯಂತ್ರದ ಲೋಹ ಇನ್ನೂ ಗಟ್ಟಿ. ನೂರರಲ್ಲಿ ಹನ್ನೊಂದು ಹನ್ನೆರಡು ಪಾಲು ಆಂಟಿಮನಿ, ಮೂರು ನಾಲ್ಕು ಪಾಲು ತವರ, ಉಳಿದದ್ದು ಸೀಸ. ಮೊಳೆ ಜೋಡಿಸಿ ಪತ್ರಿಕೆ ಅಚ್ಚು ಹಾಕುತ್ತಿದ್ದ ಕಾಲದ ನಮ್ಮ ಹಿರಿಯರ ಬೆರಳು ಕಪ್ಪಾಗಿರುತ್ತಿದ್ದದ್ದು ಇದೇ ಬಗೆಯ ಲೋಹದಿಂದ. ಅಕ್ಷರದ ಅಂಚು ಮಾಸಬಾರದೆಂದು ಆಂಟಿಮನಿ ಬೆರೆಸುತ್ತಿದ್ದರು. ಕೇಪಿನ ಕೋವಿಗೆ ಅದೇ ಶತ್ರು. ಇತ್ತೀಚಿನ ಗಾಲಿ ತೂಕಗಳಲ್ಲಿ ಇನ್ನೊಂದು ಪೀಡೆಯೂ ಸೇರಿಕೊಂಡಿದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಮುಂತಾದ ರಾಜ್ಯಗಳು ಸೀಸದ ತೂಕಗಳನ್ನು ನಿಷೇಧಿಸಿದ ಮೇಲೆ ಅವು ಸತುವಿನಲ್ಲೂ ಬರುತ್ತಿವೆ. ಸತು ಕರಗುವುದು 419ಕ್ಕೆ. ಕಾವು ಅಷ್ಟಕ್ಕೇರದಂತೆ ನೋಡಿಕೊಂಡರೆ ಸತುವಿನ ತುಂಡುಗಳು ತೇಲುತ್ತವೆ, ಚಮಚದಲ್ಲಿ ತೆಗೆದು ಎಸೆಯಬಹುದು. ಮೈಮರೆತು ಉರಿ ಹೆಚ್ಚಿಸಿದರೆ ಇಡೀ ಬಾಣಲೆಯ ಸೀಸ ಕೆಟ್ಟಂತೆ. ಆಮೇಲೆ ಅದು ಅಚ್ಚಿನೊಳಗೆ ಸರಿಯಾಗಿ ಹರಿಯುವುದೇ ಇಲ್ಲ.

ಎರೆಯುವ ಕೆಲಸ ನೋಡಲು ಸಣ್ಣದು. ಅಚ್ಚೆಂದರೆ ಇಕ್ಕಳದಂಥ ಎರಡು ಹಿಡಿ, ತುದಿಯಲ್ಲಿ ಕಬ್ಬಿಣದ ಅಥವಾ ಅಲ್ಯುಮಿನಿಯಮ್ಮಿನ ಎರಡು ಗಟ್ಟಿ. ಅವು ಮುಚ್ಚಿಕೊಂಡರೆ ನಡುವೆ ದುಂಡನೆಯ ಪೊಳ್ಳು. ಮೇಲೊಂದು ಜಾರುವ ತಗಡು, ಅದರಲ್ಲೊಂದು ತೂತು. ಮೊದಲು ಅಚ್ಚನ್ನೇ ಕಾಯಿಸಿಕೊಳ್ಳಬೇಕು. ತಣ್ಣಗಿನ ಅಚ್ಚಿಗೆ ಹೊಯ್ದರೆ ಗುಂಡು ಮುದುಕರ ಕೆನ್ನೆಯಂತೆ ಸುಕ್ಕುಸುಕ್ಕು. ಮೊದಲ ಒಂದಷ್ಟು ಹೀಗೇ ಬರುತ್ತವೆ, ಅವು ವಾಪಸ್ ಬಾಣಲೆಗೆ. ಸೌಟಿನ ಕೊಕ್ಕನ್ನು ತೂತಿಗೆ ಒತ್ತಿ ಹೊಯ್ದು, ತಗಡಿನ ಮೇಲೆ ಕಾಸಿನಷ್ಟು ಸೀಸ ನಿಲ್ಲಿಸಬೇಕು. ಒಳಗಿನದು ಆರುವಾಗ ಕುಗ್ಗಿ ಇನ್ನಷ್ಟು ಕೇಳುತ್ತದೆ, ಮೇಲಿನದು ಇಳಿದು ಅದನ್ನು ತುಂಬುತ್ತದೆ. ಹೊಳೆಯುವ ಆ ಕಾಸು ಒಮ್ಮೆಲೇ ಮಂಕಾದರೆ ಗಟ್ಟಿಯಾಯಿತೆಂದು ಲೆಕ್ಕ. ಮರದ ಕೊಡತಿಯಿಂದ ತಗಡನ್ನು ಪಕ್ಕಕ್ಕೆ ಹೊಡೆದರೆ ಬಾಲ ಕತ್ತರಿಸುತ್ತದೆ. ಅಚ್ಚು ಬಿಡಿಸಿದರೆ ಗುಂಡು ಮಡಿಸಿದ ಹಳೆಯ ಟವೆಲ್ ಮೇಲೆ ಬೀಳುತ್ತದೆ. ಮೈಮೇಲೆ ಮಂಜು ಕವಿದಂತಿದ್ದರೆ ಕಾವು ಜಾಸ್ತಿಯಾಗಿದೆ, ಸ್ವಲ್ಪ ತಡೆದು ಹೊಯ್ಯಬೇಕು. ಕಾವು, ಕೈ, ಕಾಯುವಿಕೆ ಮೂರೂ ಒಂದು ಲಯಕ್ಕೆ ಬಿದ್ದ ಮೇಲೆ ಗುಂಡುಗಳು ಬೆಳ್ಳಗೆ ನುಣ್ಣಗೆ ಬೀಳತೊಡಗುತ್ತವೆ, ಮಾತಾಡಿಸಿದರೆ ಎರೆಯುವವರಿಗೆ ಸಿಟ್ಟು ಬರುತ್ತದೆ.

ಈ ಕೆಲಸದ ನಡುವೆ ನೀರು ಮಾತ್ರ ಹತ್ತಿರ ಸುಳಿಯಬಾರದು. ಕಾದ ಸೀಸದ ಒಳಗೆ ಒಂದೇ ಹನಿ ಸಿಕ್ಕಿದರೂ ಸಾಕು, ಅದು ಕಣ್ಣೆವೆ ಮುಚ್ಚುವಷ್ಟರಲ್ಲಿ ಸಾವಿರಾರು ಪಟ್ಟು ಹಿಗ್ಗಿ ಆವಿಯಾಗಿ, ಬಾಣಲೆಯಲ್ಲಿದ್ದದ್ದನ್ನೆಲ್ಲ ಮುಖಕ್ಕೆ ಎರಚುತ್ತದೆ. ಪ್ಲಂಬರುಗಳು ಒದ್ದೆ ಸಂದಿಗೆ ಸೀಸ ಹೊಯ್ದು ಸುಟ್ಟುಕೊಳ್ಳುತ್ತಿದ್ದದ್ದು ಹೀಗೆ. ಹಣೆಯ ಬೆವರು, ಕುಡಿಯಲು ಇಟ್ಟುಕೊಂಡ ಕೋಲಾದ ಡಬ್ಬಿ, ಮಳೆಯಲ್ಲಿ ಬಿದ್ದಿದ್ದ ಗುಜರಿ ಕೊಳವೆಯ ಹೊಟ್ಟೆಯಲ್ಲಿ ಉಳಿದ ತೇವ, ಯಾವುದಾದರೂ ಸೈ. ಅನುಭವಸ್ಥರು ಗುಜರಿ ಸೀಸವನ್ನು ಕಾದ ದ್ರವಕ್ಕೆ ಹಾಕುವುದೇ ಇಲ್ಲ. ಬಾಣಲೆ ತಣ್ಣಗಿರುವಾಗಲೇ ತುಂಬಿ ಆಮೇಲೆ ಒಲೆ ಹಚ್ಚುತ್ತಾರೆ, ತೇವವಿದ್ದರೆ ಕರಗುವ ಮೊದಲೇ ಆರಿಹೋಗಲಿ ಎಂದು. ಕನ್ನಡಕ, ತೊಗಲಿನ ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ. ನೈಲಾನ್ ಅಂಗಿ ತೊಟ್ಟವರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? ಅರ್ಧ ಅಂಗುಲದ ನಳಿಗೆಗೆ ಸಾಮಾನ್ಯವಾಗಿ 0.490 ಅಂಗುಲದ ಗುಂಡು ಹಾಕುತ್ತಾರೆ, ಉಳಿದ ಸಂದನ್ನು ಬಟ್ಟೆ ತುಂಬುತ್ತದೆ. ಅಂಥ ಗುಂಡು ಹನ್ನೊಂದೂವರೆ ಗ್ರಾಂ ತೂಗುತ್ತದೆ, ಅಂದರೆ ಕಿಲೋ ಸೀಸಕ್ಕೆ ಹತ್ತಿರ ಹತ್ತಿರ 87 ಗುಂಡು. ಸೀಸದಿಂದ ಕೋವಿಯನ್ನೇ ಅಳೆಯುವ ಹಳೆಯ ಲೆಕ್ಕ ನಮ್ಮೂರಲ್ಲೂ ಬಾಯಲ್ಲುಳಿದಿದೆ. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡು ಆದರೆ ಅದು 12 ಬೋರ್, ಹದಿನಾರಾದರೆ 16. ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುವುದು ಯಾಕೆಂದು ತಲೆ ಕೆಡಿಸಿಕೊಂಡವರಿಗೆ ಉತ್ತರ ಸೀಸದ ತಕ್ಕಡಿಯಲ್ಲಿದೆ.

ಹದಿನೆಂಟನೇ ಶತಮಾನದ ಪೆನ್ಸಿಲ್ವೇನಿಯಾದಲ್ಲಿ ಕೋವಿ ಮಾಡುವ ಕಸುಬಿನವರು ಪ್ರತಿ ಕೋವಿಗೂ ಅದರದೇ ಅಚ್ಚು ಮಾಡಿ ಕೊಡುತ್ತಿದ್ದರು. ನಳಿಗೆಗಳು ಒಂದರಂತೆ ಒಂದಿರಲಿಲ್ಲ, ಹಾಗಾಗಿ ಅಣ್ಣನ ಗುಂಡು ತಮ್ಮನ ಕೋವಿಗೆ ಆಗುತ್ತಿರಲಿಲ್ಲ. ದುಂಡನೆಯ ಉಕ್ಕಿನ ಕೊರೆಯುಳಿಯನ್ನು ನಳಿಗೆಯ ಅಳತೆಗೆ ಮಾಡಿ, ಅಚ್ಚಿನ ಎರಡು ಹೋಳುಗಳ ನಡುವೆ ತಿರುಗಿಸಿದರೆ ಪೊಳ್ಳು ಸಿದ್ಧ. ಬಳಪದ ಕಲ್ಲಿನಲ್ಲೂ ಅಚ್ಚು ಕೆತ್ತಿಕೊಳ್ಳುತ್ತಿದ್ದರು. ಬೇಲೂರು ಹಳೇಬೀಡಿನ ಕುಸುರಿಗೆ ಒದಗಿದ ಅದೇ ಜಾತಿಯ ಕಲ್ಲು ಕಾವಿಗೂ ಜಗ್ಗುವುದಿಲ್ಲ. ಕಾಡಿನಂಚಿನ ಮನೆಯಲ್ಲಿ ಅಚ್ಚು ಕಳೆದುಹೋಯಿತೆಂದರೆ ಕೋವಿ ಮೂಕವಾದಂತೆ.

ಸೀಸದ ಈ ಸಲೀಸನ್ನು ಅನ್ವೇಷಕ ಮೆರಿವೆದರ್ ಲೂಯಿಸ್ ಬಳಸಿಕೊಂಡಷ್ಟು ಜಾಣತನದಿಂದ ಬೇರೆ ಯಾರೂ ಬಳಸಿಕೊಂಡಿರಲಾರರು. 1804ರಲ್ಲಿ ಅವನೂ ಜೊತೆಗಾರ ಕ್ಲಾರ್ಕನೂ ಪೆಸಿಫಿಕ್ ಸಾಗರದ ದಾರಿ ಹುಡುಕುತ್ತ ಹೊರಟಾಗ ಮದ್ದನ್ನು ಒಯ್ದದ್ದು ಮರದ ಪೀಪಾಯಿಗಳಲ್ಲಲ್ಲ, ಸೀಸದ 52 ಡಬ್ಬಿಗಳಲ್ಲಿ. ಒಂದೊಂದರಲ್ಲೂ ನಾಲ್ಕು ಪೌಂಡು ಮದ್ದು, ಡಬ್ಬಿಯದೇ ತೂಕ ಎಂಟು ಪೌಂಡು. ಬಿರಡೆ ಜಡಿದು ಮೇಣ ಮೆತ್ತಿದ್ದರು. ಮದ್ದು ಮುಗಿಯುತ್ತಲೇ ಖಾಲಿ ಡಬ್ಬಿಯನ್ನು ಕರಗಿಸಿದರೆ ಆ ಮದ್ದಿಗೆ ಬೇಕಾದಷ್ಟೇ ಗುಂಡು. ದೋಣಿ ಮಗುಚಿ ನದಿಗೆ ಬಿದ್ದರೂ ಮದ್ದು ಒಣಗಿಯೇ ಇರುತ್ತಿತ್ತು. ಪೆಸಿಫಿಕ್ ತೀರದ ಜಡಿಮಳೆಯಲ್ಲಿ, 1806ರ ಫೆಬ್ರುವರಿ 1ರಂದು ಲೂಯಿಸ್ ಉಳಿದ ಡಬ್ಬಿಗಳನ್ನು ಬಿಚ್ಚಿಸಿ ನೋಡಿದ. ಪೆಟ್ಟು ಬಿದ್ದಿದ್ದ ಕೆಲವನ್ನು ಬಿಟ್ಟರೆ ಎಲ್ಲದರಲ್ಲೂ ಮದ್ದು ಚೆನ್ನಾಗಿತ್ತು. ಪೊಟ್ಟಣವನ್ನೂ ಪದಾರ್ಥ ಮಾಡಿಕೊಂಡ ಈ ಲೆಕ್ಕಾಚಾರದ ಮುಂದೆ ಇಂದಿನ ಪ್ಯಾಕಿಂಗ್ ಪಂಡಿತರು ತಲೆಬಾಗಬೇಕು.

ಆದರೆ ಮನೆಯಲ್ಲಿ ಗುಂಡು ಎರೆದ ಕಥೆಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿನದು. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಸೈನಿಕರಿಗೆ ಓದಿ ಹೇಳಿದರು. ಕೇಳಿದ ಗುಂಪು ಬೌಲಿಂಗ್ ಗ್ರೀನ್ ಉದ್ಯಾನಕ್ಕೆ ನುಗ್ಗಿ ದೊರೆ ಮೂರನೇ ಜಾರ್ಜನ ಪ್ರತಿಮೆಗೆ ಹಗ್ಗ ಹಾಕಿ ಕೆಡವಿತು. ಕುದುರೆಯ ಮೇಲೆ ಕೂತ ದೊರೆ, ಮೇಲೆ ಚಿನ್ನದ ಲೇಪ, ಒಳಗೆಲ್ಲ ಸೀಸ. ನಿಲ್ಲಿಸಿ ಆರು ವರ್ಷವೂ ಆಗಿರಲಿಲ್ಲ. ತುಂಡುಗಳು ಹಡಗು, ಎತ್ತಿನ ಗಾಡಿ ಹತ್ತಿ ಲಿಚ್‌ಫೀಲ್ಡಿನ ಆಲಿವರ್ ವುಲ್ಕಾಟ್ ಮನೆಗೆ ಬಂದವು. ಆತ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರಲ್ಲೊಬ್ಬ. ಅಲ್ಲಿ ದೊರೆಯನ್ನು ಕರಗಿಸಿದವರು ಸೈನಿಕರಲ್ಲ, ಹೆಂಗಸರು ಮತ್ತು ಮಕ್ಕಳು. ಯಾರು ಎಷ್ಟು ಮಾಡಿದರೆಂಬ ಲೆಕ್ಕದ ಚೀಟಿ ಉಳಿದುಕೊಂಡಿದೆ. ರೂತ್ ಮಾರ್ವಿನ್ 11,592. ವುಲ್ಕಾಟನ ಮಗಳು ಮೇರಿ ಆ್ಯನ್ 10,790, ಅವಳಿಗೆ ಹನ್ನೊಂದರ ಆಸುಪಾಸು. ಅವಳ ಅಕ್ಕ ಲಾರಾ 8,378. ಶ್ರೀಮತಿ ಮಾರ್ವಿನ್ 6,058. ಹತ್ತು ತುಂಬದ ತಮ್ಮ ಫ್ರೆಡರಿಕ್ 936. ಬಿಡಿಬಿಡಿಯಾಗಿ ಕೈಹಾಕಿದ ಊರವರದ್ದೆಲ್ಲ ಸೇರಿ ಒಟ್ಟು 42,088. ಹುಡುಗನಿಗೆ ಬೇಜಾರು ಬಂದು ಆಟಕ್ಕೆ ಓಡಿಹೋದದ್ದು ಆ 936ರಲ್ಲೇ ಕಾಣುತ್ತದೆ. ದಾರಿಯಲ್ಲಿ ದೊರೆನಿಷ್ಠರು ಕದ್ದು ಹೂತಿಟ್ಟ ತುಂಡುಗಳು ಮುಂದೆ ವಿಲ್ಟನ್ ಊರಿನ ಕೆಸರಲ್ಲಿ ಸಿಕ್ಕವು. ಕುದುರೆಯ ಬಾಲವೀಗ ನ್ಯೂಯಾರ್ಕ್ ಹಿಸ್ಟಾರಿಕಲ್ ಸಂಗ್ರಹಾಲಯದಲ್ಲಿದೆ.

ಹನ್ನೊಂದರ ಹುಡುಗಿಯನ್ನು ಸೀಸದ ಬಾಣಲೆಯ ಮುಂದೆ ಕೂರಿಸುವುದನ್ನು ಇವತ್ತು ನೆನೆಸಿದರೆ ಮೈ ಜುಂ ಎನ್ನುತ್ತದೆ. ಸೀಸದ ವಿಷ ಒಳಹೋಗುವುದು ಹೊಗೆಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ಗುಂಡು ಎರೆಯುವ ಕಾವಿನಲ್ಲಿ ಸೀಸ ಆವಿಯಾಗುವುದು ಬಹಳ ಕಡಿಮೆ. ನಿಜವಾದ ದಾರಿ ಕಿಟ್ಟದ್ದು. ಮೇಲಿಂದ ತೆಗೆದ ಆ ಬೂದುಬಣ್ಣದ ಹುಡಿ ಬೆರಳಿಗೆ, ಅಂಗಿಗೆ, ಚಪ್ಪಲಿಗೆ ಅಂಟಿ, ಅಲ್ಲಿಂದ ಊಟದ ತಟ್ಟೆಗೆ, ಅಂಬೆಗಾಲಿಡುವ ಕೂಸಿನ ಬಾಯಿಗೆ ಹೋಗುತ್ತದೆ. ಒಂದೇ ಪ್ರಮಾಣದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುವುದು ಮಕ್ಕಳ ದೇಹ, ಕೆಡುವುದು ಬೆಳೆಯುವ ಮಿದುಳು. ಇಷ್ಟಿದ್ದರೆ ಅಡ್ಡಿಯಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ತಿಳಿದ ಹವ್ಯಾಸಿಗಳು ಗ್ಯಾರೇಜಿನ ಬಾಗಿಲು ತೆರೆದು, ಇಲ್ಲವೇ ಹಿತ್ತಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಎರೆಯುತ್ತಾರೆ. ಅಲ್ಲಿ ತಿಂಡಿಯಿಲ್ಲ, ಸಿಗರೇಟಿಲ್ಲ. ಆ ಬಟ್ಟೆ ಬೇರೆಯೇ ಒಗೆಯುತ್ತಾರೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಕಾರಿನ ಬ್ಯಾಟರಿಯ ಸೀಸವನ್ನಂತೂ ಮುಟ್ಟುವುದಿಲ್ಲ. ಅದರ ಫಲಕಗಳಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಂ ಬೆರೆತಿರುವುದರಿಂದ ಕಿಟ್ಟಕ್ಕೆ ತೇವ ತಾಗಿದರೆ ಪ್ರಾಣ ತೆಗೆಯುವ ಅನಿಲ ಏಳಬಹುದು.

ನಮ್ಮಲ್ಲಿ ಕತೆ ತಿರುಗುಮುರುಗು. ಅಲ್ಲಿನ ಕೋವಿಯವರು ಮುಟ್ಟದ ಬ್ಯಾಟರಿಯನ್ನೇ ಬೀದಿಬದಿಯಲ್ಲಿ ಒಡೆದು ಕರಗಿಸುತ್ತೇವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಸೀಸದ ವಿಷದ ಹಿಂದೆ ಬಿದ್ದು ಕೆಲಸ ಮಾಡಿದರು. 2020ರಲ್ಲಿ ಯುನಿಸೆಫ್ ಹೊರತಂದ ವರದಿಯ ಪ್ರಕಾರ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಮಿತಿಮೀರಿದೆ, ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ಪರವಾನಗಿಯಿಲ್ಲದ ಬ್ಯಾಟರಿ ಕುಲುಮೆಗಳು ಅದಕ್ಕೆ ದೊಡ್ಡ ಕಾರಣ. ಸೀಸ ಕರಗಿಸಲು ಬಾಣಲೆ ಮತ್ತು ಬೆಂಕಿ ಸಾಕಾಗುವುದರಿಂದಲೇ ಆ ಕುಲುಮೆಗಳು ಒಂದೆಡೆ ಮುಚ್ಚಿದರೆ ಇನ್ನೊಂದೆಡೆ ಏಳುತ್ತವೆ.

ಅಮೆರಿಕದಲ್ಲಿ ಬೀಡುಕಬ್ಬಿಣದ ಹಳೆಯ ಅಡುಗೆ ಪಾತ್ರೆ ಕೊಳ್ಳುವವರಿಗೆ ಒಂದು ವಿಚಿತ್ರ ಅಭ್ಯಾಸವಿದೆ. ದೋಸೆ ಹುಯ್ಯಬಹುದಾದಷ್ಟು ಚೆಂದದ ಕಾವಲಿ ಸಂತೆಯಲ್ಲಿ ಸಿಕ್ಕರೂ ಮೊದಲು ಸೀಸದ ಪರೀಕ್ಷೆ ಮಾಡುತ್ತಾರೆ. ಹಿಂದೆ ಯಾವ ಅಜ್ಜ ಅದರಲ್ಲಿ ಗುಂಡಿಗೆ ಸೀಸ ಕರಗಿಸಿದ್ದನೋ ಯಾರಿಗೆ ಗೊತ್ತು? ಪ್ರಾಣಿಗಳಿಗೂ ಇದರ ಬಿಸಿ ತಟ್ಟಿದೆ. ಬೇಟೆಗಾರರು ಬಿಟ್ಟ ಕರುಳಿನಲ್ಲಿ ಉಳಿದ ಸೀಸದ ಚೂರು ತಿಂದು ಕ್ಯಾಲಿಫೋರ್ನಿಯಾದ ಕಾಂಡರ್ ಹದ್ದುಗಳು ಸಾಯುತ್ತ ಬಂದವು. 1982ರ ಹೊತ್ತಿಗೆ ಉಳಿದದ್ದು 22. ಮರಿ ಮಾಡಿಸಿ ಮತ್ತೆ ಹಾರಿಬಿಟ್ಟ ಮೇಲೂ ಸೀಸದ ಸಾವು ನಿಲ್ಲಲಿಲ್ಲ. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ, ಕೇಪಿನ ಕೋವಿಗೂ ವಿನಾಯಿತಿಯಿಲ್ಲ.

ಮನೆಯ ಒಲೆಯಲ್ಲೇ ಗುಂಡು ಆಗುತ್ತದೆಂಬ ಸಂಗತಿ ಸರ್ಕಾರಗಳಿಗೂ ಯಾವತ್ತಿನಿಂದಲೂ ತಿಳಿದದ್ದೇ. ಅಮೆರಿಕ ಅದನ್ನು ಹಗುರವಾಗಿ ತೆಗೆದುಕೊಂಡಿದೆ. ಅಲ್ಲಿನ 1968ರ ಕೇಂದ್ರ ಕಾನೂನಿನಲ್ಲಿ ಬಾಯಿಂದ ತುಂಬುವ ಹಳೆಯ ಕೋವಿಗಳು, ಅವುಗಳ ಬಹುಪಾಲು ಪ್ರತಿಕೃತಿಗಳು ಪುರಾತನ ವಸ್ತುಗಳೇ ಹೊರತು ಬಂದೂಕುಗಳಲ್ಲ. ನಮ್ಮ ನೆಲದ ಅನುಭವ ಬೇರೆ. 1857ರಲ್ಲಿ ಬ್ರಿಟಿಷರು ಆಯುಧಗಳನ್ನೆಲ್ಲ ಒಪ್ಪಿಸಿ, ಪರವಾನಗಿ ಪಡೆಯಿರಿ ಎಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಗುವುದಿಲ್ಲ ಎಂದರು. ಆ ನವೆಂಬರಿನಲ್ಲಿ ಪಡೆ ಬಂದು ಹಳ್ಳಿಗೆ ಬೆಂಕಿಯಿಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಹೋರಾಟದ ಲಾವಣಿ ಇಂದಿಗೂ ಜನರ ಬಾಯಲ್ಲಿದೆ. ಅದಾದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಅದೇ ಸರ್ಕಾರ ಕೊಡವರಿಗೆ ಆಯುಧದ ವಿನಾಯಿತಿ ಕೊಟ್ಟಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿಗೆ ಆ ವಿನಾಯಿತಿ ಈಗಲೂ ಇದೆ, ಸದ್ಯದ ಆದೇಶ 2029ರವರೆಗೆ. ಉಳಿದ ಮಲೆನಾಡಿನವರದು ಬೆಳೆ ರಕ್ಷಣೆಯ ಲೈಸೆನ್ಸು. ಚುನಾವಣೆ ಘೋಷಣೆಯಾದ ಕೂಡಲೇ ಕೋವಿ ಹೊತ್ತು ಠಾಣೆಗೆ ನಡೆಯಬೇಕು. ಹಂದಿಗಳಿಗೆ ಅಷ್ಟು ದಿನ ಗದ್ದೆಯಲ್ಲಿ ಹಬ್ಬ.

1959ರ ನಮ್ಮ ಆಯುಧ ಕಾಯ್ದೆ ಗುಂಡಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಮದ್ದುಗುಂಡು ಎಂದರೇನೆಂದು ವಿವರಿಸುವಾಗ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಸಾಮಗ್ರಿಯನ್ನೂ ಅದರಲ್ಲೇ ಸೇರಿಸಿಬಿಟ್ಟಿದೆ. ಹಾಗಾಗಿ ಇಂಡಿಯಾನಾ, ಒಹಾಯೊ ಕಡೆ ನೆಲೆಸಿದ ನಮ್ಮ ಕನ್ನಡದವರು ಯಾರಾದರೂ ಹಳೆ ಸಾಮಾನಿನ ಸಂತೆಯಲ್ಲಿ ಅಂದದ ಗುಂಡಿನ ಅಚ್ಚು ಕಂಡು, ಮಡಿಕೇರಿಯ ಮಾವನಿಗೆ ಉಡುಗೊರೆ ಒಯ್ಯೋಣ ಎಂದುಕೊಂಡರೆ, ಸೂಟ್‌ಕೇಸಿಗೆ ಹಾಕುವ ಮೊದಲು ಒಬ್ಬ ವಕೀಲರನ್ನು ಕೇಳುವುದು ಒಳ್ಳೆಯದು. ಪ್ಲಂಬರನ ಬಾಣಲೆಗೆ ಆ ತಕರಾರಿಲ್ಲ, ತೂಕದ ದಂಡ ಮಾತ್ರ ವಿಮಾನದವರು ಬಿಡುವುದಿಲ್ಲ.